ಬೈಂಡರ್ ಮಾವ ಮತ್ತು ಇಪ್ಪತ್ತನೇ ಫಾರಂ

ನನ್ನ ಸೋದರಮಾವ ಊರಿನ ಗ್ರಂಥಾಲಯದಲ್ಲಿ ಬೈಂಡರು. ನಿವೃತ್ತನಾಗಿ ಎಂಟು ವರ್ಷವಾಯಿತು. ಆದರೆ ಅವನ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳಲಿಲ್ಲ, ರಿಪೇರಿ ಕೋಣೆಯ ಬೀಗದ ಕೈಯನ್ನು ಯಾರೂ ವಾಪಸು ಕೇಳಲಿಲ್ಲ. ಹಾಗಾಗಿ ಈಗಲೂ ಬೆಳಿಗ್ಗೆ ಒಂಬತ್ತೂವರೆಗೆ ಹೋಗಿ ಬಾಗಿಲು ತೆಗೆಯುತ್ತಾನೆ. ಊರಿನವರು ಅವನನ್ನು ಗೋಂದಣ್ಣ ಅನ್ನುತ್ತಾರೆ. ಆ ಹೆಸರು ಕೇಳಿದರೆ ಅವನಿಗೆ ಉರಿಯುತ್ತದೆ. ತಾನು ಗೋಂದನ್ನು ಮುಟ್ಟುವವನೇ ಅಲ್ಲ, ಮೈದಾ ಕಾಸಿ ಅಂಟು ಮಾಡುವವನು ಅಂತ ಅವನ ತಕರಾರು. ಈ ವ್ಯತ್ಯಾಸ ಊರಿನಲ್ಲಿ ಅವನೊಬ್ಬನಿಗೆ ಮುಖ್ಯ.

ಅವನ ಕೋಣೆ ಓದುವ ಹಾಲಿನ ಹಿಂದೆ. ಕಿಟಕಿ ತೆಗೆದರೆ ಸೈಕಲ್ ಸ್ಟ್ಯಾಂಡು. ಒಂದು ಉದ್ದ ಮೇಜು, ತಿರುಗಿಸಿ ಬಿಗಿ ಮಾಡುವ ಕಬ್ಬಿಣದ ಪ್ರೆಸ್ಸು, ರಟ್ಟು ಕೊಯ್ಯುವ ಕತ್ತಿ, ಮೇಣ ತಿಕ್ಕಿದ ದಾರದ ಉಂಡೆ, ಒಲೆಯ ಮೇಲೆ ಅಂಟಿನ ಪಾತ್ರೆ. ಚಿಕ್ಕಂದಿನಲ್ಲಿ ನಾನು ಆ ಪಾತ್ರೆಯಿಂದ ಬೆರಳಲ್ಲಿ ತೆಗೆದು ನೆಕ್ಕಿದ್ದೆ. ಅದರಲ್ಲಿ ಹುಳ ಬರದಿರಲಿ ಅಂತ ಮೈಲುತುತ್ತದ ವಿಷ ಹಾಕಿರುತ್ತಾನೆ ಅಂತ ಆಮೇಲೆ ಗೊತ್ತಾಯಿತು. ಅವತ್ತು ಮಾವ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ. ಅವನು ಓಡಿದ್ದನ್ನು ನೋಡಿದ್ದು ಅದೊಂದೇ ಸಲ.

ಅವನ ಕೆಲಸದ ಬಗ್ಗೆ ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹೊಲಿದ ಪುಸ್ತಕ ಅಂದರೆ ಬಿಡಿಬಿಡಿ ಹಾಳೆಗಳಲ್ಲ. ಹದಿನಾರು ಪುಟಗಳ ಒಂದೊಂದು ಮಡಿಕೆ ಇರುತ್ತದೆ, ಅದಕ್ಕೆ ಫಾರಂ ಅನ್ನುತ್ತಾರೆ. ಫಾರಂಗಳನ್ನು ಒಂದರ ಮೇಲೊಂದು ಇಟ್ಟು, ಮಡಿಕೆಯಲ್ಲಿ ಐದು ತೂತು ಮಾಡಿ ಹೊಲಿದರೆ ಪುಸ್ತಕ. ಪ್ರತಿ ಫಾರಮ್ಮಿನ ಮೊದಲ ಪುಟದ ಬುಡದಲ್ಲಿ ಇರುವೆಯಷ್ಟು ಚಿಕ್ಕದಾಗಿ ಅದರ ನಂಬರು ಅಚ್ಚಾಗಿರುತ್ತದೆ. ಓದುವವರಿಗೆ ಅದು ಕಾಣುವುದಿಲ್ಲ. ಬೈಂಡರಿಗೆ ಮೊದಲು ಕಾಣುವುದೇ ಅದು.

ಮಾವ ಓದುವುದೂ ಫಾರಂ ಲೆಕ್ಕದಲ್ಲೇ. ಅಂಟು ಒಣಗುವವರೆಗೆ ಕೈಗೆ ಸಿಕ್ಕಿದ್ದನ್ನು ಓದುತ್ತಾನೆ, ಒಣಗಿದ ಕೂಡಲೇ ಮುಚ್ಚಿಡುತ್ತಾನೆ. ಹೀಗೆ ನಲವತ್ತು ವರ್ಷ ಓದಿ, ಗ್ರಂಥಾಲಯದ ಎಲ್ಲಾ ಕಾದಂಬರಿಗಳ ಹದಿನಾರು ಹದಿನಾರು ಪುಟ ಅವನಿಗೆ ಬಾಯಿಪಾಠ. ಯಾವ ಕಾದಂಬರಿಯಲ್ಲಿ ಯಾರು ಯಾರನ್ನು ಮದುವೆಯಾದರು ಅಂತ ಕೇಳಿದರೆ ಮಾತ್ರ ಗೊತ್ತಿಲ್ಲ. “ಮದುವೆ ಎಲ್ಲಾ ಕೊನೇ ಫಾರಂನಲ್ಲಿ ಆಗುತ್ತೆ, ನಾನು ಅಷ್ಟು ದೂರ ಹೋಗಲ್ಲ” ಅನ್ನುತ್ತಾನೆ. ಅವನೂ ಮದುವೆಯಾಗಲಿಲ್ಲ. ಎರಡಕ್ಕೂ ಸಂಬಂಧ ಇದೆಯೋ ಇಲ್ಲವೋ ನಾನು ಕೇಳಿಲ್ಲ.

ಇಂಥವನ ಹತ್ತಿರ ಊರಿನ ಹುಡುಗ ಹುಡುಗಿಯರು ಯಾವ ಕಾದಂಬರಿ ಓದಲಿ ಅಂತ ಕೇಳಿಕೊಂಡು ಬರುತ್ತಿದ್ದರು. ಹದಿನೇಳು ಹದಿನೆಂಟು ತುಂಬಿದವರು, ಅಲ್ಲಿಯವರೆಗೆ ಪಠ್ಯಪುಸ್ತಕ ಬಿಟ್ಟು ಬೇರೇನೂ ಓದದವರು. ಅವನು ಆರಿಸುತ್ತಿದ್ದ ರೀತಿಯೇ ಬೇರೆ. ಕಥೆ ಏನು, ಬರೆದವರು ಯಾರು, ಒಂದೂ ನೋಡುವುದಿಲ್ಲ. ಪುಸ್ತಕದ ಬೆನ್ನು ನೋಡುತ್ತಾನೆ. ಮೊದಲ ಎರಡು ಫಾರಂ ಮಾತ್ರ ಸಡಿಲವಾಗಿದ್ದರೆ, ಜನ ಶುರು ಮಾಡಿ ಬಿಟ್ಟಿದ್ದಾರೆ. ನಡುವೆ ಒಂದೇ ಕಡೆ ಬಾಯಿ ಬಿಟ್ಟುಕೊಂಡಿದ್ದರೆ, ಅಲ್ಲಿ ಏನಿದೆ ಅಂತ ಕೇಳುವುದೇ ಬೇಡ, ಅಂಥದ್ದು ಹುಡುಗರೇ ಹುಡುಕಿಕೊಳ್ಳುತ್ತಾರೆ. ಮೊದಲಿಂದ ಕೊನೆಯವರೆಗೆ ಒಂದೇ ಸಮ ಸವೆದಿದ್ದು, ಕೊನೆಯ ಫಾರಂ ಎಲ್ಲಕ್ಕಿಂತ ಹೆಚ್ಚು ಸಡಿಲವಾಗಿದ್ದರೆ ಅದು ಒಳ್ಳೆಯ ಪುಸ್ತಕ. ಅಂದರೆ ಮುಗಿಸಿದವರು ಮುಚ್ಚಿಡಲು ಮನಸ್ಸಾಗದೆ ಇನ್ನೊಂದು ಸಲ ತಿರುವಿದ್ದಾರೆ.

“ಪಂಡಿತರು ಸುಳ್ಳು ಹೇಳಬಹುದು ಪುಟ್ಟೀ. ಬೆನ್ನು ಸುಳ್ಳು ಹೇಳಲ್ಲ” ಅನ್ನುತ್ತಿದ್ದ. ಎಷ್ಟು ಜಂಬ ಅಂತೀರಿ ಆ ಮಾತಿನಲ್ಲಿ.

ಜಂಬ ಪಡಲು ಕಾರಣವೂ ಇತ್ತು. ಕ್ಷೌರದಂಗಡಿಯವನ ಮಗನಿಗೆ ಅವನು ಕೊಟ್ಟಿದ್ದು ಸಾವಿರ ಪುಟದ್ದು, ಒಂದು ಸೇತುವೆ ಕಟ್ಟುವವರ ಮೂರು ತಲೆಮಾರಿನ ಕಥೆ. ಆ ಹುಡುಗ ಮೂರು ತಿಂಗಳು ತೆಗೆದುಕೊಂಡು ಓದಿ ಮುಗಿಸಿದ. ಆಮೇಲೆ ಅಪ್ಪನ ಅಂಗಡಿಯಲ್ಲೇ ಕೂತ, ಸೇತುವೆ ಗೀತುವೆ ಏನೂ ಕಟ್ಟಲಿಲ್ಲ. ಆದರೆ ಈಗಲೂ ಗಿರಾಕಿಗಳ ತಲೆ ಹಿಡಿದುಕೊಂಡು, ಅವರ ಅಜ್ಜ ಏನು ಮಾಡುತ್ತಿದ್ದರು ಅಂತ ವಿಚಾರಿಸುತ್ತಾನೆ. ಮೊದಲು ಅವನು ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ.

ಈಗ ನನ್ನ ಅಮ್ಮನ ವಿಷಯ. ಅಮ್ಮ ಮಾವನ ಅಕ್ಕ, ಐದು ವರ್ಷ ದೊಡ್ಡವಳು. ಬಟ್ಟೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಆಲ್ಟರೇಷನ್ ಮಾಡುತ್ತಿದ್ದಳು. ಉದ್ದ ಇದ್ದದ್ದನ್ನು ಗಿಡ್ಡ ಮಾಡುವುದು, ಬಿಗಿ ಇದ್ದದ್ದನ್ನು ಬಿಡಿಸುವುದು. ಅಕ್ಕ ತಮ್ಮ ಇಬ್ಬರ ಕೈಯಲ್ಲೂ ಸೂಜಿ, ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ. ನಮ್ಮ ಮನೆಗೂ ಮಾವನ ಮನೆಗೂ ಆರು ಬಾಗಿಲು ದೂರ. ಇಷ್ಟಾದರೂ ಅವರಿಬ್ಬರೂ ಇಪ್ಪತ್ತಮೂರು ವರ್ಷ ಮಾತಾಡಲಿಲ್ಲ. ಕಾರಣ ನಾನು ಮತ್ತು ಒಂದು ಕಾದಂಬರಿ.

ನನಗೆ ಹದಿನೆಂಟು. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಅಮ್ಮ ಅಂಗಡಿಯ ಯಜಮಾನರ ಹತ್ತಿರ ಮಾತಾಡಿ, ಮುಂದಿನ ಕೌಂಟರಿನಲ್ಲಿ ನನಗೊಂದು ಕೆಲಸ ಗೊತ್ತು ಮಾಡಿದ್ದಳು. ಅದೇ ವಾರ ರೈಲಿನಲ್ಲಿ ಒಂಬತ್ತು ಗಂಟೆ ದೂರದ ಒಂದು ಕಾಲೇಜಿನಿಂದ ಕಾಗದ ಬಂತು. ಎರಡು ವರ್ಷದ ಕೋರ್ಸು, ಕಣ್ಣು ಪರೀಕ್ಷೆ ಮಾಡುವುದನ್ನು ಕಲಿಸುತ್ತಾರೆ, ಹಾಸ್ಟೆಲ್ಲೂ ಅವರದೇ. ಅರ್ಜಿ ಹಾಕಿದ್ದೆ ಅಂತ ನಾನು ಅಮ್ಮನಿಗೆ ಹೇಳಿರಲಿಲ್ಲ. ಕಾಗದ ನೋಡಿ ಅಮ್ಮ ಬೈಯಲಿಲ್ಲ, ಅದನ್ನು ಮಡಿಸಿ ಮಿಷಿನ್ನಿನ ಡ್ರಾಯರಿನಲ್ಲಿ ಇಟ್ಟಳು. ನಾನು ಹೋಗುತ್ತೇನೆ ಅಂತಲೂ ಹೇಳಲಿಲ್ಲ, ಇರುತ್ತೇನೆ ಅಂತಲೂ ಹೇಳಲಿಲ್ಲ. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದೆ. ಹದಿನೆಂಟರಲ್ಲಿ ಅದೂ ಒಂದು ಉತ್ತರ ಅಂದುಕೊಂಡಿದ್ದೆ.

ನಾಲ್ಕು ದಿನ ನೋಡಿ ಅಮ್ಮ ತಮ್ಮನನ್ನು ಕರೆಸಿದಳು. “ಊರಿನ ಮಕ್ಕಳಿಗೆಲ್ಲಾ ಪುಸ್ತಕ ಆರಿಸಿ ಕೊಡ್ತೀಯಲ್ಲ, ಇವಳಿಗೂ ನಾಲ್ಕು ಕೊಡು. ಪ್ರಪಂಚ ಅಂದ್ರೆ ಏನು ಅಂತ ಸ್ವಲ್ಪ ತಿಳೀಲಿ.”

ಪ್ರಪಂಚ ತಿಳಿದ ಮೇಲೆ ಮಗಳು ಮನೆಯಲ್ಲೇ ಇರುತ್ತಾಳೆ ಅಂತ ಅಮ್ಮನ ಎಣಿಕೆ.

ಮಾವ ನಾಲ್ಕು ತಂದ. ಎಲ್ಲಾ ಹಳೆಯವು, ಅವನ ಕೈಯಲ್ಲಿ ಕನಿಷ್ಠ ಒಂದು ಸಲ ಹೊಲಿಸಿಕೊಂಡವು. ಒಂದರಲ್ಲಿ ಗುಮಾಸ್ತನೊಬ್ಬ ಮೊದಲ ಪುಟದಲ್ಲಿ ಒಂದು ಸಣ್ಣ ಸುಳ್ಳು ಹೇಳುತ್ತಾನೆ, ಮುನ್ನೂರು ಪುಟ ಅದರ ಕೆಳಗೆ ಬದುಕುತ್ತಾನೆ. ಓದಿದ ಮೇಲೆ ನನಗೆ ಒಂದು ವಾರ ಯಾರಿಗೂ ಸುಳ್ಳು ಹೇಳಲಾಗಲಿಲ್ಲ, ಬಹಳ ಕಷ್ಟವಾಯಿತು. ಇನ್ನೊಂದು ದೊಡ್ಡ ಮನೆಯ ಕಥೆ, ಪೂರ್ತಿ ಅಡುಗೆಯವಳು ಹೇಳುವುದು. ಒಂದೇ ಮನೆ ಹಾಲಿನಿಂದ ಒಂದು ಥರ, ಒಲೆ ಮುಂದಿನಿಂದ ಇನ್ನೊಂದು ಥರ ಕಾಣುತ್ತದೆ ಅಂತ ನನಗೆ ಮೊದಲು ಗೊತ್ತಾದದ್ದು ಅದರಿಂದ. ಅದಾದ ಮೇಲೆ ಅಮ್ಮ ಹೊಲಿಗೆ ಹಾಕುತ್ತಾ ಕುಳಿತಿರುವುದನ್ನು ನಾನು ಸ್ವಲ್ಪ ಹೊತ್ತು ನಿಂತು ನೋಡಿದೆ. ಮೂರನೆಯದು ನನಗೆ ಹಿಡಿಸಲಿಲ್ಲ. ಯುದ್ಧದ್ದು, ಎಲ್ಲರೂ ಸಾಯುತ್ತಾರೆ. ಈಗ ಓದಿದರೆ ಹಿಡಿಸಬಹುದು.

ನಾಲ್ಕನೆಯದು ಉಪ್ಪಿನ ಗದ್ದೆ ಕಾಯುವ ಹೆಂಗಸಿನ ಮಗಳದು. ತಾಯಿ ರಾತ್ರಿಯೆಲ್ಲಾ ಬದುವಿನ ಮೇಲೆ ಲಾಟೀನು ಹಿಡಿದು ಓಡಾಡುತ್ತಾಳೆ. ಮಗಳಿಗೆ ಬೆಟ್ಟದ ಆಚೆಯ ಸ್ಕೂಲಿನಲ್ಲಿ ಕೆಲಸ ಸಿಗುತ್ತದೆ. ಹೋದರೆ ತಾಯಿ ಒಬ್ಬಳೇ. ಪುಸ್ತಕ ಪೂರ್ತಿ ಹೋಗಲೋ ಬೇಡವೋ. ಕೊನೆಗೆ ಬೆಳಗಿನ ಜಾವ ಅವಳು ರಸ್ತೆಯ ಪಕ್ಕ ಟ್ರಂಕು ಇಟ್ಟುಕೊಂಡು ನಿಂತಿರುತ್ತಾಳೆ. ಎತ್ತಿನ ಗಾಡಿ ಬರುತ್ತದೆ. ಕೊನೆಯ ಪುಟದ ಕೊನೆಯ ಸಾಲು: ಗಾಡಿಯವನು ಕೇಳಿದ, “ಬರ್ತೀಯಾ, ಇಲ್ಲವಾ?”

ಅಷ್ಟೇ. ಮುಂದೆ ರಟ್ಟು.

ನಾನು ತಿರುವಿದೆ, ರಟ್ಟಿನ ಆ ಕಡೆಯೂ ನೋಡಿದೆ. ಎರಡು ದಿನ ಆ ಪ್ರಶ್ನೆ ತಲೆ ತಿಂದಿತು. ಮಾವನ ಕೋಣೆಗೆ ಹೋಗಿ, “ಅವಳು ಹತ್ತಿದಳಾ ಮಾವ?” ಅಂತ ಕೇಳಿದೆ. ಅವನಿಗೆಲ್ಲಿ ಗೊತ್ತು? ಅವನು ಓದಿದ್ದು ಏಳನೇ ಫಾರಂ ಒಂದೇ. ಅದನ್ನು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಕನ್ನಡಕ ಏರಿಸಿಕೊಂಡು, “ಗಾಡಿಯವನು ಕೇಳಿದ್ದು ಅವಳನ್ನೇನಾ?” ಅಂದ. ಏನೋ ದೊಡ್ಡದನ್ನು ಹೇಳಿದ ಹಾಗೆ. ನಾನು ಅದನ್ನು ದೊಡ್ಡದಾಗಿಯೇ ತೆಗೆದುಕೊಂಡೆ. ಮನೆಗೆ ಬಂದು ಡ್ರಾಯರಿನಿಂದ ಕಾಗದ ತೆಗೆದೆ.

ನಾನು ಹೊರಟ ದಿನ ಅಮ್ಮ ಅಂಗಡಿಗೆ ಹೋದಳು, ಸ್ಟೇಷನ್ನಿಗೆ ಬರಲಿಲ್ಲ. ಯಜಮಾನರಿಗೆ ಕೊಟ್ಟ ಮಾತು ಹೋಯಿತು ಅನ್ನುವುದು ಒಂದು, ಮನೆ ಖಾಲಿಯಾಯಿತು ಅನ್ನುವುದು ಇನ್ನೊಂದು. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳಿಗೆ ಆಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. “ಬುದ್ಧಿ ಹೇಳು ಅಂದ್ರೆ ರೈಲು ಹತ್ತಿಸಿದ. ಇನ್ನು ಅವನ ಮುಖಕ್ಕೂ ನನ್ನ ಮಾತಿಗೂ ಸಂಬಂಧ ಇಲ್ಲ” ಅಂದಳಂತೆ. ಆಡಿದ ಮಾತಿಗೆ ತಪ್ಪುವ ಪೈಕಿಯಲ್ಲ ನಮ್ಮ ಅಮ್ಮ.

ಮಾವ ಬರುವುದನ್ನು ಮಾತ್ರ ಬಿಡಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಬಂದು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂರುತ್ತಾನೆ. ಕರೆಯದೆ ಒಳಗೆ ಬರುವುದಿಲ್ಲ, ಅಮ್ಮ ಕರೆಯುವುದಿಲ್ಲ. ಒಳಗಿನಿಂದ ಅಮ್ಮ ಗೋಡೆಗೆ ಹೇಳುತ್ತಾಳೆ, “ಟೀ ಬೇಕಾದವರು ಲೋಟ ತಗೋಬಹುದು.” ಹೊರಗಿನಿಂದ ಮಾವ ಬೀದಿಗೆ ಹೇಳುತ್ತಾನೆ, “ಸಕ್ಕರೆ ಕಡಿಮೆ ಆಗಿದೆ ಅಂತ ಕೆಲವರಿಗೆ ಅನಿಸಬಹುದು.” ನಾನು ಕೋರ್ಸು ಮುಗಿಸಿ, ದೂರದಲ್ಲಿ ಆರು ವರ್ಷ ದುಡಿದು, ಆಮೇಲೆ ಒಂದು ಗಂಟೆ ದೂರದ ಪಟ್ಟಣದ ಕಣ್ಣಾಸ್ಪತ್ರೆಗೆ ಬಂದೆ. ಅಮ್ಮನ ಕನ್ನಡಕದ ನಂಬರು ನೋಡುವವಳೂ ನಾನೇ. ಅವಳು ನನ್ನ ಕೆಲಸದ ಬಗ್ಗೆ ಪಕ್ಕದ ಮನೆಯವರ ಹತ್ತಿರ ಹೊಗಳಿಕೊಳ್ಳುವುದನ್ನು ಕೇಳಿದ್ದೇನೆ. ಆದರೂ ಬೆಂಚು ಅಲ್ಲೇ, ಗೋಡೆ ಅಲ್ಲೇ. ಮಾತು ಬಿಟ್ಟದ್ದು ಯಾಕೆ ಅಂತ ಇಬ್ಬರಿಗೂ ನೆನಪಿತ್ತು, ಮತ್ತೆ ಶುರು ಮಾಡುವುದು ಹೇಗೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

ಕಳೆದ ವರ್ಷ ಒಂದು ಮಂಗಳವಾರ ಆಸ್ಪತ್ರೆಯಲ್ಲಿ ಹನ್ನೊಂದನೇ ಟೋಕನ್ನು ಕೂಗಿದೆ. ಒಳಗೆ ಬಂದವನು ಮಾವ. ಬಸ್ಸಿನಲ್ಲಿ ಬಂದು, ಎಲ್ಲರಂತೆ ಟೋಕನ್ ತೆಗೆದುಕೊಂಡು ಒಂದೂವರೆ ಗಂಟೆ ಸಾಲಿನಲ್ಲಿ ಕೂತಿದ್ದನಂತೆ. ಪರೀಕ್ಷೆಯ ಕುರ್ಚಿಯಲ್ಲಿ ಕೂತು, ಎದುರಿನ ಅಕ್ಷರಗಳನ್ನು ನಾನು ಕೇಳುವ ಮೊದಲೇ ಕೊನೆಯ ಸಾಲಿನವರೆಗೆ ಓದಿದ.

“ಕಣ್ಣು ಚೆನ್ನಾಗೇ ಇದೆಯಲ್ಲ ಮಾವ.”

“ಅದೇ ತೊಂದರೆ. ಕೆಟ್ಟಿದ್ದಿದ್ರೆ ಒಂದು ನೆಪ ಇರ್ತಿತ್ತು.”

ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ತೆಗೆದ. ಒಳಗೆ ನಾಲ್ಕು ದೊಡ್ಡ ಹಾಳೆ, ಮಡಿಸಿದ್ದು. ನೀರು ಕಂಡು ಒಣಗಿ ಸುಕ್ಕಾಗಿದ್ದವು, ಅಂಚಿನಲ್ಲಿ ಹಳೆಯ ಅಂಟು. ಮೊದಲ ಪುಟದ ಬುಡದಲ್ಲಿ ಇರುವೆಯಷ್ಟು ಚಿಕ್ಕದಾಗಿ ಇಪ್ಪತ್ತು ಅಂತ ಇತ್ತು. ಪುಟದ ಸಂಖ್ಯೆ ಮುನ್ನೂರೈದು.

“ಗಾಡಿಯವನ ಪ್ರಶ್ನೆಗೆ ಉತ್ತರ” ಅಂದ.

ನಡೆದದ್ದು ಇಷ್ಟು. ಗ್ರಂಥಾಲಯದ ದೊಡ್ಡ ಅಟ್ಲಾಸಿನ ಮೇಲೆ ಯಾರೋ ನೀರಿನ ಬಾಟಲಿ ಚೆಲ್ಲಿದ್ದರು. ರಟ್ಟು ಉಬ್ಬಿ ಪದರ ಪದರವಾಗಿ ಬಿಟ್ಟುಕೊಂಡಿತು. ಅದು ಮಾವನೇ ಮಾಡಿದ ರಟ್ಟು. ಆಗೆಲ್ಲಾ ರಟ್ಟು ಸಿಗದಿದ್ದಾಗ ರದ್ದಿ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ರಟ್ಟು ಮಾಡುತ್ತಿದ್ದ. ತಟ್ಟೆಯಲ್ಲಿ ನೀರು ಹಾಕಿ ನೆನೆಸಿ ಒಂದೊಂದೇ ಪದರ ಬಿಡಿಸಿದರೆ, ಐದನೇ ಪದರ ಕಾದಂಬರಿ. ಬಿಚ್ಚಿದ ಫಾರಮ್ಮಿನ ನಾಲ್ಕು ಜೋಡಿ ಹಾಳೆ ಅಟ್ಲಾಸಿನ ಅಳತೆಗೆ ಸರಿಯಾಗಿ ಕೂತಿದ್ದವು. ಕಪಾಟಿಗೆ ಹೋಗಿ ಉಪ್ಪಿನ ಗದ್ದೆಯ ಪುಸ್ತಕ ತೆಗೆದು ನೋಡಿದ. ಹತ್ತೊಂಬತ್ತನೇ ಫಾರಂಗೆ ಮುಗಿದಿತ್ತು. ಮುನ್ನೂರನಾಲ್ಕನೇ ಪುಟದ ಕೊನೆಯಲ್ಲಿ ವಾಕ್ಯ ಸರಿಯಾಗಿ ಮುಗಿದದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ನಿವೃತ್ತ ಮೇಷ್ಟರೊಬ್ಬರು ಸಲಹಾ ಪುಸ್ತಕದಲ್ಲಿ, “ಇಂಥ ಧೈರ್ಯದ ಮುಕ್ತಾಯ ಬೇರೆ ಯಾವ ಕೃತಿಯಲ್ಲೂ ಕಂಡಿಲ್ಲ” ಅಂತ ಬರೆದಿದ್ದರು.

“ಬೆನ್ನು ಸುಳ್ಳು ಹೇಳಲ್ಲ ಅಂತಿದ್ದೆ” ಅಂದ ಮಾವ. “ಕೊನೇ ಫಾರಂ ಸಡಿಲ ಆಗಿತ್ತು, ಅದಕ್ಕೇ ನಿಂಗೆ ಆರಿಸಿದ್ದು. ಯಾಕೆ ಸಡಿಲ ಆಗಿತ್ತು ಗೊತ್ತಾ? ಓದಿದವರೆಲ್ಲಾ ಮುಂದೆ ಏನಾದ್ರೂ ಇದೆಯಾ ಅಂತ ತಿರುವಿ ತಿರುವಿ ನೋಡಿದ್ದಾರೆ. ನನ್ನ ತಪ್ಪನ್ನ ನಾನೇ ಒಳ್ಳೇ ಪುಸ್ತಕದ ಗುರುತು ಅಂದ್ಕೊಂಡೆ.”

ಅವನ ಮುಖ ನೋಡಿ ನಗಬೇಕು ಅಂತ ಬಂದ ನಗು ಹಾಗೇ ಹೋಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಒಂದು ಫಾರಂ ಬಿಟ್ಟು ಹೊಲಿದ ಬೈಂಡರಿಗೆ ಹೋದ ಮಾನ ಎಷ್ಟು ಅಂತ ಅವನನ್ನು ನೋಡಿದ ನನಗೆ ಗೊತ್ತು.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಆ ಹದಿನಾರು ಪುಟ ಓದಿದೆ. ಹುಡುಗಿ ಗಾಡಿಯವನಿಗೆ ಇಲ್ಲ ಅನ್ನುತ್ತಾಳೆ. ಟ್ರಂಕು ಹೊತ್ತುಕೊಂಡು ಬದುವಿನ ಮೇಲೆ ವಾಪಸು ನಡೆಯುತ್ತಾಳೆ. ತಾಯಿ ಒಂದು ಮಾತೂ ಆಡದೆ ಲಾಟೀನನ್ನು ಅವಳ ಕೈಗೆ ಕೊಟ್ಟು ಮಲಗಲು ಹೋಗುತ್ತಾಳೆ. ಕೊನೆಯ ನಾಲ್ಕು ಪುಟ, ಬರೆದವರು ಹುಡುಗಿಯ ತ್ಯಾಗವನ್ನು ಹೊಗಳಿ ಸೂರ್ಯೋದಯ ಮಾಡಿಸಿದ್ದಾರೆ.

ನನಗೆ ವಿಪರೀತ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಹದಿನೆಂಟು ವರ್ಷದವಳಾಗಿ ನಾನು ಇದನ್ನು ಓದಿದ್ದರೆ ಕೌಂಟರಿನಲ್ಲಿ ನಿಲ್ಲುತ್ತಿದ್ದೆ. ಒಂದು ಪುಸ್ತಕದ ಮಾತು ಕೇಳಿ ಜೀವನ ನಡೆಸುತ್ತಾರಾ ಅಂತ ನೀವು ಕೇಳಬಹುದು. ಆ ವಯಸ್ಸಿನಲ್ಲಿ ಕೇಳುತ್ತಾರೆ. ಬೇರೆ ಯಾರ ಮಾತನ್ನೂ ಕೇಳುವುದಿಲ್ಲವಲ್ಲ.

“ಇದನ್ನ ಸೇರಿಸಬೇಡ ಮಾವ” ಅಂದೆ. “ಅಟ್ಲಾಸಿನೊಳಗೇ ಇರಲಿ.”

“ಗೊತ್ತಿಲ್ಲದೆ ಬಿಟ್ಟಿದ್ದು ತಪ್ಪು. ಗೊತ್ತಿದ್ದೂ ಬಿಟ್ರೆ ಕಳ್ಳತನ. ಬರೆದವರದ್ದು ಅದು, ನಂದಲ್ಲ, ನಿಂದೂ ಅಲ್ಲ.”

“ಹೊಲಿ ಹಾಗಾದ್ರೆ. ಅಮ್ಮನಿಗೆ ಹೇಳಬೇಡ.”

“ಅಕ್ಕನಿಗೆ ಹೇಳದೆ ಹೇಗೆ? ಇಷ್ಟು ವರ್ಷ ಅವಳು ನನ್ನ ಮೇಲೆ ಸಿಟ್ಟು ಮಾಡ್ಕೊಂಡಿರೋದು ಈ ಪುಸ್ತಕಕ್ಕೆ ಅಲ್ವಾ?”

ನನಗೆ ಇದ್ದ ಹೆದರಿಕೆಯೇ ಅದು. ಅಮ್ಮನಿಗೆ ಎಪ್ಪತ್ತಮೂರು. ಪುಸ್ತಕ ಕೂಡ ಮಗಳು ಮನೆಯಲ್ಲೇ ಇರಲಿ ಅಂತಲೇ ಹೇಳಿತ್ತು, ಇವನ ಬೇಜವಾಬ್ದಾರಿಯಿಂದ ಮಗಳು ಹೋದಳು ಅಂತ ಅವಳ ಕೈಗೆ ಸಾಕ್ಷಿ ಕೊಟ್ಟ ಹಾಗಾಗುತ್ತದೆ. ಬೆಂಚೂ ಹೋಗುತ್ತದೆ, ಟೀಯೂ ಹೋಗುತ್ತದೆ. ಮಾವನಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಹೊರಟಿದ್ದ.

ಭಾನುವಾರ ಬೆಳಿಗ್ಗೆ ನಾನೂ ಇದ್ದೆ. ಮಾವ ಬೆಂಚಿನ ಮೇಲೆ ಕೂತು ಪುಸ್ತಕವನ್ನೂ ಕಟ್ಟನ್ನೂ ನನ್ನ ಕೈಗೆ ಕೊಟ್ಟ. ನಾನು ಒಳಗೆ ಹೋಗಿ ಹೊಲಿಗೆ ಮಿಷಿನ್ನಿನ ಮೇಲಿಟ್ಟು, ನಡೆದದ್ದನ್ನು ಹೇಳಿದೆ. ಅಮ್ಮ ಕೇಳಿಸಿಕೊಂಡು ಕನ್ನಡಕ ಹಾಕಿಕೊಂಡಳು. ಪುಸ್ತಕವನ್ನು ತೆರೆಯದೆ ಪಕ್ಕಕ್ಕಿಟ್ಟಳು.

“ಇದನ್ನ ಓದೋದು ಬೇಡ. ಓದಿದೀನಿ.”

“ಯಾವಾಗಮ್ಮ?”

“ನೀನು ಹೋದ ತಿಂಗಳೇ. ಪಕ್ಕದ ಮನೆ ನರ್ಸಮ್ಮನ ಕಾರ್ಡಲ್ಲಿ ತರಿಸಿದ್ದೆ. ನನ್ನ ಮಗಳನ್ನ ಕರ್ಕೊಂಡು ಹೋಗಿದ್ದು ಎಂಥದು ಅಂತ ನೋಡಬೇಕಿತ್ತು.”

ಇದು ನನಗೂ ಗೊತ್ತಿರಲಿಲ್ಲ. ಹೊರಗೆ ಬೆಂಚು ಕಿರುಗುಟ್ಟಿತು.

ಹದಿನಾರು ಪುಟ ಓದಲು ಅಮ್ಮ ಮುಕ್ಕಾಲು ಗಂಟೆ ತೆಗೆದುಕೊಂಡಳು. ಓದಿ ಮುಗಿಸಿ ಹಾಳೆಗಳನ್ನು ಬೆಳಕಿಗೆ ಹಿಡಿದಳು. ಮಡಿಕೆಯ ಐದು ತೂತುಗಳನ್ನು ಪುಸ್ತಕದ ಮಡಿಕೆಯ ಪಕ್ಕ ಇಟ್ಟು ಅಳೆದಳು. ತಾನು ಕೊಟ್ಟ ಪುಸ್ತಕ ಹೋಗು ಅನ್ನಲಿಲ್ಲ ಅಂತ ತೋರಿಸಿ ತಪ್ಪಿಸಿಕೊಳ್ಳಲು ತಮ್ಮ ಎಲ್ಲೋ ಹೊಸದಾಗಿ ಅಚ್ಚು ಹಾಕಿಸಿ ತಂದಿದ್ದಾನೆ ಅಂತ ಅನುಮಾನ. ಐದಕ್ಕೆ ಐದೂ ಕೂಡಿದವು.

“ಇದು ಇದರದ್ದೇ” ಅಂದಳು. ಆಮೇಲೆ ಹಿಂದಿನ ರಟ್ಟು ತೆರೆದಳು. ಹೊಲಿದ ತಾರೀಖನ್ನು ರಟ್ಟಿನ ಒಳಬದಿಯಲ್ಲಿ ಪೆನ್ಸಿಲಿನಲ್ಲಿ ಬರೆಯುವುದು ಮಾವನ ರೂಢಿ. ಅಮ್ಮ ಅದನ್ನು ಎರಡು ಸಲ ಓದಿದಳು.

“ಕೇಳು ಅವನನ್ನ, ಈ ತಾರೀಖು ಸರಿನಾ ಅಂತ.”

ನಾನು ಕೇಳುವ ಮೊದಲೇ ಹೊರಗಿನಿಂದ ಉತ್ತರ ಬಂತು. “ಸರಿ. ಭಾವ ಹೋದ ದಿನ ಬೆಳಿಗ್ಗೆ ಅದನ್ನ ಬಿಚ್ಚಿ ಮೇಜಿನ ಮೇಲೆ ಹಾಕಿದ್ದೆ. ಆಗ ಸುದ್ದಿ ಬಂತು. ಹಾಗೇ ಎದ್ದು ಬಂದೆ. ಹದಿನೈದು ದಿನ ಬಿಟ್ಟು ಹೋಗಿ ಹೊಲಿದೆ. ಅಷ್ಟರಲ್ಲಿ ಈ ಫಾರಂ ರದ್ದಿ ಜೊತೆ ಸೇರಿರಬೇಕು. ನಂಬರು ನೋಡಲಿಲ್ಲ. ನೋಡಬೇಕು ಅಂತ ಅವತ್ತು ಅನ್ನಿಸಲಿಲ್ಲ.” ಬೀದಿಗೆ ಹೇಳುವ ದನಿಯಲ್ಲೇ ಹೇಳಿದ.

ಆ ಹದಿನೈದು ದಿನ ನನಗೆ ನೆನಪಿದೆ. ಅಮ್ಮ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ನಮಗೆ ಅನ್ನ ಬೇಯಿಸಿ ಹಾಕಿದವನು, ನನ್ನ ಜಡೆ ಸೊಟ್ಟಗೆ ಹೆಣೆದು ಸ್ಕೂಲಿಗೆ ಕಳಿಸಿದವನು ಮಾವ. ಇಪ್ಪತ್ತನೇ ಫಾರಂ ಯಾಕೆ ಬಿಟ್ಟುಹೋಯಿತು ಅಂತ ನನಗೆ ಈಗ ಗೊತ್ತಾಯಿತು. ಅಳು ಬಂತು, ತಡೆದುಕೊಳ್ಳಲಿಲ್ಲ.

ಅಮ್ಮ ಅಳಲಿಲ್ಲ. ಹಾಳೆಗಳನ್ನು ಮೊದಲಿನ ಹಾಗೇ ಮಡಿಸಿದಳು.

“ಬಂದವಳ ಕೈಗೆ ಲಾಟೀನು ಕೊಟ್ಟು ಮಲಗೋಕೆ ಹೋದ್ಲಂತೆ” ಅಂದಳು. “ಎಂಥ ತಾಯಿ ಅವಳು? ಗಾಡಿ ಇನ್ನೂ ದೂರ ಹೋಗಿರಲಿಲ್ಲ. ಓಡಿ ಹೋಗಿ ಹತ್ತು ಅನ್ನಬಾರದಿತ್ತಾ?”

ನೀನೇ ಸ್ಟೇಷನ್ನಿಗೆ ಬರಲಿಲ್ಲವಲ್ಲ ಅಂತ ನೆನಪಿಸುವಷ್ಟು ಕೆಟ್ಟವಳಲ್ಲ ನಾನು. ಅವಳಿಗೇ ನೆನಪಿತ್ತು. ಸೆರಗಿನಿಂದ ಕನ್ನಡಕ ಒರೆಸಿಕೊಂಡಳು, ಅದು ಒರೆಸುವಷ್ಟು ಕೊಳೆಯಾಗಿರಲಿಲ್ಲ.

“ಮೊದಲೇ ಹೊಲಿದಿದ್ರೆ ನೀನು ಇಲ್ಲೇ ಇರ್ತಿದ್ದೆ ಅಲ್ವಾ?”

“ಇರ್ತಿದ್ದೆನೋ ಏನೋ.”

“ಹಾಗಾದ್ರೆ ಕಳೆದಿದ್ದೇ ಒಳ್ಳೇದಾಯ್ತು” ಅಂದಳು. ಸ್ವಲ್ಪ ಹೊತ್ತು ಮಿಷಿನ್ನಿನ ಚಕ್ರವನ್ನು ಸುಮ್ಮನೆ ತಿರುಗಿಸಿದಳು. “ಅವನಿಗೆ ಹೇಳು, ಹೊಲಿ ಅಂತ. ಅವನ ಹೊಟ್ಟೆಯೊಳಗೆ ಅದು ಕೂತ್ಕೊಳೋದು ಬೇಡ. ಆದ್ರೆ ಗಾಡಿಯವನು ಕೇಳಿದ ಮೇಲೆ ಒಂದು ಖಾಲಿ ಹಾಳೆ ಇಟ್ಟು ಹೊಲೀಲಿ. ಬೆಳೆಯೋ ಮಕ್ಕಳ ಬಟ್ಟೆಗೆ ಒಳಗಡೆ ಎರಡಿಂಚು ಬಿಡಲ್ವಾ, ಹಾಗೆ. ಅಲ್ಲಿ ನಿಂತು ಯೋಚನೆ ಮಾಡೋರು ಮಾಡಲಿ. ಆಮೇಲೆ ಬೇಕಾದ್ರೆ ತಿರುವಲಿ.”

ನಾನು ಪುಸ್ತಕವನ್ನೂ ಹಾಳೆಗಳನ್ನೂ ತೆಗೆದುಕೊಂಡು ಹೋಗಿ ಅವನ ಕೈಗಿಟ್ಟೆ. ಅವನು ಅವನ್ನು ಬಟ್ಟೆಯಲ್ಲಿ ಸುತ್ತಿದ, ಗಂಟು ಹಾಕಿದ, ಗಂಟು ಸರಿಯಾಗಲಿಲ್ಲ ಅಂತ ಬಿಚ್ಚಿ ಮತ್ತೆ ಹಾಕಿದ. ಚೀಲ ಹೆಗಲಿಗೇರಿಸಿ ಎದ್ದು, ಮೆಟ್ಟಿಲು ಇಳಿಯಲು ಒಂದು ಕಾಲು ಇಟ್ಟ.

ಅಮ್ಮ ಬಾಗಿಲಿಗೆ ಬಂದಿದ್ದಳು. ಗೋಡೆಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ. ತಮ್ಮನನ್ನೇ ನೋಡಿ ಕೇಳಿದಳು.

“ಟೀಗೆ ಇಟ್ಟಿದೀನಿ. ಒಳಗೆ ಬರ್ತೀಯಾ, ಇಲ್ಲವಾ?”

ಮಾವ ಚೀಲವನ್ನು ಬೆಂಚಿನ ಮೇಲಿಟ್ಟು ಚಪ್ಪಲಿ ಬಿಟ್ಟ.